ಚಿಟ್ಟೆಯ ಜತೆಗೆ ಬಳ್ಳಿಯೂ ಉಳಿಯಲಿ

ನಮ್ಮ ಚಿಟ್ಟೆ–ಕೀಟಾಸಕ್ತರ ಬಳಗದ ವಿದ್ಯಾರ್ಥಿಗಳು ಭಾನುವಾರಗಳಂದು ತೋಟದಂಚಿನ ಚಿಟ್ಟೆಗಳನ್ನು ಎಣಿಸಿ ದಾಖಲಿಸುತ್ತಿರುವುದು ಶ್ಲಾಘನೀಯ. ಆದರೆ ಎಣಿಕೆ ಹಾರುವ ಚಿಟ್ಟೆಗಳಿಗಷ್ಟೇ ನಿಲ್ಲಬಾರದು.

ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಹಲವು ಹೂಗಳ ಮಕರಂದ ಹೀರುತ್ತದೆ; ಮೊಟ್ಟೆಯಿಡಲು ಮಾತ್ರ ಈಶ್ವರಿ ಬಳ್ಳಿ ಅಥವಾ ಅದೇ ಕುಟುಂಬದ ಗಿಡವೇ ಬೇಕು. ಮರಿಹುಳು ಬೇರೆ ಎಲೆಯನ್ನು ತಿನ್ನದು. ಬೇಲಿಯೊಂದರಲ್ಲಿ ಮಕ್ಕಳು ಗುರುತಿಸಿದ್ದ ಬಳ್ಳಿ, ಮರುವಾರ ಕಳೆನಾಶಕಕ್ಕೆ ಸಿಕ್ಕಿ ಹುಳುಗಳ ಸಮೇತ ಒಣಗಿತ್ತು. ತೋಟದ ಯಜಮಾನರಿಗೆ ಅದು ಬರಿಯ ಕಳೆ, ತಿಳಿಸಿದವರಾರೂ ಇರಲಿಲ್ಲ. ತಪ್ಪು ನಮ್ಮದೂ ಹೌದು.

ಇನ್ನು ಬಳಗದ ಪುಸ್ತಕದಲ್ಲಿ ಚಿಟ್ಟೆಯ ಹೆಸರಿನೊಡನೆ ಆಹಾರಸಸ್ಯದ ಹೆಸರೂ ಇರಲಿ. ಅದನ್ನು ತೋಟದವರಿಗೆ ತೋರಿಸೋಣ. ರೈತಬಾಂಧವರು ಬೇಲಿಸಾಲಿಗೆ ವಿಷ ಸಿಂಪಡಿಸದೆ ಕತ್ತಿಯಿಂದಲೇ ಸವರಲಿ, ಈಶ್ವರಿ ಬಳ್ಳಿಯನ್ನು ಬಿಟ್ಟು.