ಅರ್ಧ ಪಟ್ಟಿಗೆ 200 ಬೇಡ
ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳದ ದರಪಟ್ಟಿ ಹರಿಹರದ ರೈತರ ಮೊಬೈಲಿಗೆ ಸಾಲು ಸಾಲಾಗಿ ಹರಿದು ಬರುತ್ತಿದೆ ಎಂದುಕೊಳ್ಳಿ. ಎಚ್‌ಟಿಟಿಪಿಯಲ್ಲಿ ಸ್ಟೇಟಸ್ ಕೋಡ್ ಮೊದಲೇ ಹೊರಡುತ್ತದೆ. 200 ಎಂದು ಹೇಳಿಯಾದ ಮೇಲೆ ನಡುವೆ ಡೇಟಾಬೇಸ್ ಕೈಕೊಟ್ಟರೂ ಅದನ್ನು 500 ಎಂದು ತಿದ್ದಲಾಗದು. ಹರಿಹರದ ಬೋರ್ಡು ಹಾಕಿಕೊಂಡು ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೂ ಬೋರ್ಡು ಬದಲಾಗುವುದಿಲ್ಲವಲ್ಲ, ಹಾಗೆ. ಸರ್ವರ್ ದೋಷವನ್ನು ನುಂಗಿಕೊಂಡು, ಕೊನೆಯ ಸೊನ್ನೆ ಚಂಕ್ ಕಳಿಸಿ ಸದ್ದಿಲ್ಲದೆ ಮುಗಿಸಿದರೆ ಅರ್ಧ ಪಟ್ಟಿಯೇ ಪೂರ್ತಿ ಪಟ್ಟಿ ಅನ್ನಿಸಿಕೊಳ್ಳುತ್ತದೆ. ರೈತರು ಅದನ್ನೇ ನಂಬಿ ಮಾಲು ಮಾರುತ್ತಾರೆ.

ನಾವು ಹೇಳುವುದಿಷ್ಟು: ಮೊದಲ ಸಾಲು ಸಿಗುವವರೆಗೆ 200 ಕಳಿಸಬೇಡಿ. ನಡುವೆ ತಪ್ಪಿದರೆ ಹರಿವಿನೊಳಗೇ ದೋಷದ ಸಾಲು ಬರೆಯಿರಿ, ಇಲ್ಲವೇ ಸಂಪರ್ಕ ಕಡಿದುಬಿಡಿ. ಕೊನೆಗೆ ಒಟ್ಟು ಸಾಲುಗಳ ಲೆಕ್ಕ ಕೊಡಿ. ಅದು ತಾಳೆಯಾಗದಿದ್ದರೆ ಆ್ಯಪ್ ‘ಪಟ್ಟಿ ಅಪೂರ್ಣ’ ಎನ್ನಬೇಕು. ಅರ್ಧ ಸುದ್ದಿ ಅಚ್ಚು ಹಾಕಬಾರದೆಂದು ಕಲಿತವರು ನಾವು. ಅರ್ಧ ಪಟ್ಟಿಗೂ ಅದೇ ನಿಯಮ.