ಅಳೆಯುವ ಕೈ ಯಾರದು?

ಕಾಗದನಗರದಲ್ಲಿ ಕೂತು ಕಾಗದದ ಮಾತಾಡೋಣ. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಲಿನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಆದರೆ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಕಾಗದದ ಕಾರ್ಖಾನೆ ಮೂರು ಪಾಳಿಯಲ್ಲಿ ಓಡುತ್ತಲೇ ಇದೆ. ಅದರ ಸರಕು ಸಂಶೋಧನಾ ಲೇಖನ. ತೂಗುವ ತಕ್ಕಡಿ ಇಂಪ್ಯಾಕ್ಟ್ ಫ್ಯಾಕ್ಟರ್.

ಏನ್ರೀ ಇದು? ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಅಚ್ಚು ಹಾಕಿದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿ, ಆ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅಷ್ಟೇ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಇದನ್ನು ಕಟ್ಟಿದ್ದು ಪತ್ರಿಕೆಗಳನ್ನು ಅಳೆಯಲು, ಮನುಷ್ಯರನ್ನಲ್ಲ. ನಮ್ಮಲ್ಲಿ ಅದು ಮೇಷ್ಟ್ರ ನೆತ್ತಿ ಮೇಲೆ ಬಂತು. 2010ರ ಯುಜಿಸಿ ನಿಯಮದ ಮೇಲೆ ಬಡ್ತಿಗೂ ಪಾಯಿಂಟು, ನೇಮಕಾತಿಗೂ ಪಾಯಿಂಟು.

ಪ್ರೊಫೆಸರು ಪ್ರೊಫೆಸರನ್ನು ಹೆಸರಿಸಿದರೆ ಅದು ಪರಿಣಾಮ. ಹಟ್ಟಿಯ ಹುಡುಗಿ ಒಂದು ಲೇಖನ ಓದಿ ತಹಸೀಲ್ದಾರರ ಮುಂದೆ ಎದೆ ಸೆಟೆದು ನಿಂತರೆ? ಲೆಕ್ಕಕ್ಕಿಲ್ಲ.

ಮಿಲ್ಲು ಹುಟ್ಟಿದ ಅದೇ 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನು ಭಾಷಣಕ್ಕೆ ಕರೆದು, ಬರಹ ನೋಡಿ ಬೆಚ್ಚಿ, ಸಮ್ಮೇಳನವನ್ನೇ ಮುಂದೂಡಿದರು. ಬಾಬಾಸಾಹೇಬರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ನಾವು 'ಜಾತಿ ವಿನಾಶ' ಎಂದು ಓದುವುದು ಅದನ್ನೇ. ಅದಕ್ಕೆಷ್ಟು ಪಾಯಿಂಟು ಕೊಡ್ತೀರಿ ಸ್ವಾಮಿ? ಬೇಡ, ನಮ್ಮೂರಿಗೇ ಬನ್ನಿ. ಬಿ. ಕೃಷ್ಣಪ್ಪನವರು ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಎಪ್ಪತ್ತರ ದಶಕದಲ್ಲಿ ಈ ಊರಿನಿಂದಲೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಗೆ ಸಮಿತಿ ಎದುರು ನಿಂತಿತು. ಅವರಾಡಿದ ಮಾತಿನ ಪರಿಣಾಮ ಎರಡು ವರ್ಷದ ಕಿಂಡಿಯಲ್ಲಿ ಕಾಣುವಂಥದ್ದೇ?

ಹಾಗಾದರೆ ಅಳತೆಯೇ ಬೇಡ ಅನ್ನೋಣವೇ? ಇಲ್ಲೇ ಎಡವಬೇಡಿ, ಗೆಳೆಯರೇ.

2009ರಿಂದ 2022ರವರೆಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸಲು ಒಂದು ಲೇಖನವಾದರೂ ಪ್ರಕಟವಾಗಿರಬೇಕಿತ್ತು. ನಮ್ಮ ಹುಡುಗರು ಫೆಲೋಶಿಪ್ ಹಣದಲ್ಲಿ ಕಾಸು ಕೀಳುವ ಪತ್ರಿಕೆಗಳಿಗೆ ಸಾವಿರಗಟ್ಟಲೆ ಸುರಿದರು. 2018ರಲ್ಲಿ ಯುಜಿಸಿಯೇ ತಾನು ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಸುರಿದ ದುಡ್ಡು ವಾಪಸ್ ಬಂತೇ? ಆಮೇಲೆ ಕೇರ್ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟು, ಯಾವ ಪತ್ರಿಕೆ ಒಳ್ಳೆಯದೆಂದು ವಿದ್ಯಾಸಂಸ್ಥೆಗಳೇ ನೋಡಿಕೊಳ್ಳಲಿ ಅಂದರು.

ಕೇಳೋದಕ್ಕೆ ಚೆಂದ. ಆದರೆ ಆ ಕೋಣೆಯಲ್ಲಿ ಕೂರುವವರು ಯಾರು? ಪಾಯಿಂಟು ಪೊಳ್ಳೇ ಇರಲಿ, ಕೂಡಿ ತೋರಿಸಬಹುದಿತ್ತು. ನನಗೆ ಇಷ್ಟು, ಅವನಿಗೆ ಅಷ್ಟು, ಕೆಲಸ ಅವನಿಗೆ ಹೇಗೆ ಹೋಯಿತು ಎಂದು ಕೋರ್ಟಿನಲ್ಲಿ ಕೇಳಬಹುದಿತ್ತು. 'ಗುಣಮಟ್ಟ' ಎಂಬ ಮಾತನ್ನು ಯಾವ ಕೋರ್ಟಿನಲ್ಲಿ ಕೂಡಿ ಕಳೆಯೋಣ? ಮೇಜಿನಾಚೆ ಕೂತವರು ಹೆಸರು ಕೇಳಿ, ಊರು ಕೇಳಿ, ಅಪ್ಪನ ಕಸುಬು ಕೇಳಿ, ಕಡೆಗೆ "ಗುಣಮಟ್ಟ ಸಾಲದು" ಅಂದದ್ದನ್ನು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ತಕ್ಕಡಿ ಮುರಿದು ತೂಕವನ್ನು ಅಗ್ರಹಾರದ ಕಣ್ಣಂದಾಜಿಗೆ ಬಿಡಲು ನಾವು ತಯಾರಿಲ್ಲ.

ಪತ್ರಿಕೆಗಳನ್ನು ತೂಗುವ ಸಮಿತಿಗಳಲ್ಲಿ ನಮ್ಮವರಿರಬೇಕು, ಹೆಣ್ಣುಮಕ್ಕಳಿರಬೇಕು. ಯಾವುದನ್ನು ಯಾಕೆ ಒಪ್ಪಿದರು, ಯಾಕೆ ತಳ್ಳಿದರು ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಮತ್ತೊಂದು: ಕೇರಿಗೆ ಬಂದು ಪ್ರಶ್ನಾವಳಿ ತುಂಬಿಸಿಕೊಂಡು ಡಾಕ್ಟರಾದವರು ಅದೇ ಕೇರಿಗೆ ಮರಳಿ ಬಂದು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಲಿ. ಅವ್ವಂದಿರು ಕೇಳುವ ಪ್ರಶ್ನೆಗೆ ಉತ್ತರ ಕೊಡಲಿ. ಅದಕ್ಕೊಂದಿಷ್ಟು ಪಾಯಿಂಟು ಇಡಿ, ನೋಡೋಣ.