ಅಂಗಳಕ್ಕೆ ಇಂಟರ್‌ಲಾಕ್ ಹಾಸಿದವರಿಗೆ ಒಂದು ಮಾತು

ನಮ್ಮವರ ಮನೆ ಒಕ್ಕಲಿಗೆ ಹೋದರೆ ಈಗ ಮೊದಲು ತೋರಿಸುವುದು ಅಂಗಳ. ಗೇಟಿನಿಂದ ಮೆಟ್ಟಿಲವರೆಗೆ ಕೆಂಪು, ಬೂದು ಇಂಟರ್‌ಲಾಕ್. ಹುಡುಕಿದರೂ ಒಂದು ಹಿಡಿ ಮಣ್ಣು ಸಿಗುವುದಿಲ್ಲ. "ಕೆಸರಿಲ್ಲ, ಹುಲ್ಲಿಲ್ಲ, ನಿಕಾಹ್‌ಗೆ ಶಾಮಿಯಾನ ಹಾಕಲು ಸುಲಭ" ಎಂದು ಯಜಮಾನರು ಹೇಳುತ್ತಾರೆ, ನಾವು ಮಾಶಾಅಲ್ಲಾಹ್ ಎನ್ನುತ್ತೇವೆ. ಉಳ್ಳಾಲದಲ್ಲೂ ಇದೇ, ಬಿ.ಸಿ.ರೋಡಿನಲ್ಲೂ ಇದೇ, ನಾವಿರುವ ಗೋವಾದಲ್ಲೂ ಇದೇ. ನಾನೂ ಹಾಕಿಸಿದವನೇ. ಹಾಗಾಗಿ ಈ ಲೇಖನದ ಬೈಗುಳದಲ್ಲಿ ನನ್ನ ಪಾಲೂ ಉಂಟು.

ನಮ್ಮ ಬಾಪನದು ವಾಸ್ಕೋ ಕಡೆ ಗುಡ್ಡದ ಬುಡದಲ್ಲೊಂದು ಜಿನಸಿನ ಅಂಗಡಿ. ನಾನು ಚಿಕ್ಕವನಿದ್ದಾಗ ಎಂಥ ಮಳೆ ಬಂದರೂ ಚರಂಡಿಯ ನೀರು ಅಂಗಡಿ ಮೆಟ್ಟಿಲು ಮುಟ್ಟುತ್ತಿರಲಿಲ್ಲ. ಆಮೇಲೆ ಮೇಲಿನ ಅಂಗಳಗಳು ಒಂದೊಂದಾಗಿ ಮುಚ್ಚಿಕೊಂಡವು. ಒಂದು ಜುಲೈ ರಾತ್ರಿ ನೀರು ಶಟರಿನ ಅಡಿಯಿಂದ ನುಗ್ಗಿ ಕೆಳಸಾಲಿನ ಅಕ್ಕಿ, ಸಕ್ಕರೆ ಮೂಟೆಗಳೆಲ್ಲ ಹೋದವು. ಬಾಪ ಚರಂಡಿ ಕಟ್ಟಿದವರಿಗೆ ಶಾಪ ಹಾಕಿದರು. ನಾನು ಮರುದಿನ ಕೊಡೆ ಹಿಡಿದು ನೀರು ಬಂದ ದಾರಿಯಲ್ಲೇ ಮೇಲಕ್ಕೆ ನಡೆದೆ. ಮೂರನೇ ತಿರುವಿನಲ್ಲಿ ನಮ್ಮದೇ ಮನೆ. ನಮ್ಮ ಟೆರೇಸಿನ ನೀರು ನಾಲ್ಕಿಂಚಿನ ಪೈಪಿನಿಂದ ಇಳಿದು, ನಾನೇ ಲೆವೆಲ್ ಪೈಪ್ ಹಿಡಿದು ಸ್ಲೋಪ್ ಕೊಡಿಸಿದ ಅಂಗಳದ ಮೇಲೆ ಜಾರಿ, ಗೇಟು ದಾಟಿ ಬಾಪನ ಅಂಗಡಿಯ ಕಡೆಗೆ ಓಡುತ್ತಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಮಗನ ಕೆಲಸ!

ಸಂದಿಯಲ್ಲಿ ನೀರು ಇಳಿಯುತ್ತದಲ್ಲ ಎಂದು ಕಂಟ್ರಾಕ್ಟರ್ ಹೇಳಿಯಾನು. ಕೆಳಗೆ ಜಲ್ಲಿಪುಡಿ ಹಾಕಿ ಮಿಷನ್ನಿನಲ್ಲಿ ಬಡಿದು ಗಟ್ಟಿ ಮಾಡಿದ ಮೇಲೆ ಜಡಿಮಳೆಗೆ ಇಳಿಯುವುದು ಅಷ್ಟರಲ್ಲೇ.

ಲೆಕ್ಕ ನೋಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಮಂಗಳೂರಲ್ಲಿ ಇನ್ನೂ ಜಾಸ್ತಿ. 1,000 ಚದರಡಿಯ ಟೆರೇಸಿನ ಮೇಲೆ ಅದು ಎರಡೂ ಮುಕ್ಕಾಲು ಲಕ್ಷ ಲೀಟರು. ಅಲ್ಲಿ ಇಲ್ಲಿ ಹೋದದ್ದು ಕಳೆದರೂ 10,000 ಲೀಟರಿನ ಇಪ್ಪತ್ತೈದು ಟ್ಯಾಂಕರ್. ಇಷ್ಟನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಕ್ಕಟೆ ರಸ್ತೆಗೆ ಬಿಟ್ಟು, ಏಪ್ರಿಲ್‌ನಲ್ಲಿ ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತೇವೆ. ಅಂಗಡಿಯಲ್ಲಿ ಹೀಗೆ ವ್ಯಾಪಾರ ಮಾಡಿದ್ದರೆ ಬಾಪ ನನ್ನನ್ನು ಗಲ್ಲಾದ ಹತ್ತಿರ ಬಿಡುತ್ತಿರಲಿಲ್ಲ.

ಮಂಗಳೂರಿನವರಿಗೆ 2018ರ ಮೇ 29 ಮರೆತಿರಲಿಕ್ಕಿಲ್ಲ. ಒಂದೇ ಮಳೆಗೆ ಊರು ಮುಳುಗಿತು. ಮರುವರ್ಷದ ಮೇ ತಿಂಗಳಲ್ಲಿ ಅದೇ ಊರಿನಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದು ನಲ್ಲಿಗೆ ರೇಷನ್ ಬಂತು. ಆ 2019ರ ಆಗಸ್ಟ್‌ನಲ್ಲೇ ಇಲ್ಲಿ ಖಾಂಡೇಪಾರ್ ಬಳಿ ಓಪಾದ ದೊಡ್ಡ ಪೈಪು ಒಡೆದು, ಹೊರಗೆ ಮಳೆ ಹೊಯ್ಯುತ್ತಿರುವಾಗಲೇ ಪಣಜಿಯವರು ಕೊಡ ಹಿಡಿದು ದಿನಗಟ್ಟಲೆ ಕಾದರು. ಮಹದಾಯಿಯ ಗಲಾಟೆ ಏರಿದಾಗಲೆಲ್ಲ ಕನ್ನಡ ಮಾತಾಡುವ ನಮ್ಮನ್ನು ಚಹಾ ಅಂಗಡಿಯಲ್ಲಿ ಕಿಚಾಯಿಸುತ್ತಾರೆ. ಟಿಎಂಸಿ ಲೆಕ್ಕದಲ್ಲಿ ಜಗಳಾಡಲು ಎರಡು ರಾಜ್ಯದವರಿಗೂ ಬರುತ್ತದೆ. ತನ್ನ ಟೆರೇಸಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಯಾರ ಬಾಯಲ್ಲೂ ಉತ್ತರವಿಲ್ಲ.

ನಾನು ಮಾಡಿದ್ದು ದೊಡ್ಡದೇನಲ್ಲ. ರೈನ್ ಗಾರ್ಡನ್ ಎನ್ನುತ್ತಾರೆ, ನಾನು ಮಳೆತೋಟ ಎನ್ನುತ್ತೇನೆ. 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹೊಸ ಬಡಾವಣೆಯ ಮನೆಮನೆಯಲ್ಲಿ ಇದನ್ನು ಮಾಡಿ ಹೆಸರು ಮಾಡಿದರು. ಅಂಥ ಹೊಸ ವಿದ್ಯೆಯೇನಲ್ಲ ಮಾರಾಯ್ರೆ, ಗುಡ್ಡದ ನೀರು ತಡೆದು ಇಂಗಿಸುವ ಮದಕಗಳು ನಮ್ಮೂರಲ್ಲಿ ಎಷ್ಟೋ ಕಾಲದಿಂದ ಇದ್ದವು. ಹೂಳು ತುಂಬಿಸಿ ಸೈಟು ಮಾಡಿದವರು ನಾವು.

ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ನೋಡಿದೆ. ಅದು ಇಳಿದ ಮೇಲೆ ಇನ್ನೊಮ್ಮೆ ತುಂಬಿಸಿದೆ. ಗಂಟೆಗೆ ಒಂದಿಂಚಾದರೂ ಇಳಿದರೆ ಆ ಜಾಗ ಆಗುತ್ತದೆ. ಮನೆಯ ತಳಪಾಯದಿಂದ ಹತ್ತಡಿ ಆಚೆ, ಸೆಪ್ಟಿಕ್ ಟ್ಯಾಂಕಿನಿಂದ ದೂರ, ಹದಿನೈದು ಅಡಿ ಉದ್ದ ಹತ್ತಡಿ ಅಗಲದಷ್ಟು ಇಂಟರ್‌ಲಾಕ್ ಕಿತ್ತೆ. ಅಡಿಯಲ್ಲಿ ಮುರಕಲ್ಲಿನ ಪದರ ಸಿಕ್ಕಿ ಪಿಕ್ಕಾಸಿನ ಮೊನೆ ಬಗ್ಗಿತು. ಒಂದೂವರೆ ಅಡಿ ತೋಡಿ, ಮಣ್ಣು, ಮರಳು, ಒಣಗಿದ ಸೊಪ್ಪುಗೊಬ್ಬರ ಕಲಸಿ ಅರ್ಧ ಅಡಿ ತಗ್ಗು ಉಳಿಯುವಷ್ಟು ತುಂಬಿಸಿದೆ. ಪೈಪಿನ ನೀರು ಬೀಳುವಲ್ಲಿ ಕಲ್ಲು ಇಟ್ಟೆ, ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ತಗ್ಗಿನಲ್ಲಿ ಕೆಸು, ಕಾಬಾಳೆ, ಅಂಚಿಗೆ ಲಾವಂಚ. ನಮ್ಮ ಮಳೆಗೆ ಇದು ಖಂಡಿತ ತುಂಬಿ ಹರಿಯುತ್ತದೆ. ಒಂದು ಸಲಕ್ಕೆ ಹಿಡಿಯುವುದು ಎರಡು ಸಾವಿರ ಲೀಟರ್ ಮಾತ್ರ. ಹತ್ತು ಸೆಂಟಿಮೀಟರ್ ಮಳೆಯ ದಿನ ಟೆರೇಸಿನಿಂದ ಇಳಿಯುವುದು ಒಂಬತ್ತು ಸಾವಿರ. ಅದಕ್ಕೇ ಹೆಚ್ಚಿನ ನೀರು ಹೊರಹೋಗಲು ಒಂದು ಮೂಲೆ ತಗ್ಗಿಸಿ ಕಲ್ಲು ಹಾಸಬೇಕು. ಬಾಪನ ಅಂಗಡಿ ಈಗ ಮುಳುಗುವುದೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೇಲಿನ ಉಳಿದ ಮನೆಗಳ ನೀರು ಇನ್ನೂ ಬರುತ್ತಲೇ ಇದೆ. ನಾನು ಬರೆಯುತ್ತಿರುವುದೇ ಅದಕ್ಕೆ.

"ಸೊಳ್ಳೆ ಸಾಕುತ್ತಿದ್ದೀಯಾ?" ಎಂದರು ಮಾವ. ಡೆಂಗಿ, ಮಲೇರಿಯಾ ಕಂಡ ಊರಿನವರು, ಕೇಳುವುದು ನ್ಯಾಯ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರವಾದರೂ ಬೇಕು. ನನ್ನ ತಗ್ಗಿನಲ್ಲಿ ನೀರು ಒಂದು ದಿನ ನಿಲ್ಲುತ್ತದೆ, ಬಿಡದೆ ಸುರಿದಾಗ ಎರಡು ದಿನ ನಿಂತದ್ದುಂಟು. ಅದಕ್ಕಿಂತ ಹೆಚ್ಚು ನಿಂತರೆ ನಿಮ್ಮ ಮಣ್ಣು ಸರಿಯಿಲ್ಲ; ಮತ್ತೆ ತೋಡಿ, ಇಲ್ಲವೇ ಮುಚ್ಚಿಬಿಡಿ. ಮಾವನ ಮನೆಯ ಹಿಂದೆ ಬಿದ್ದಿರುವ ಹಳೆ ಟಯರು, ಬೊಂಡದ ಚಿಪ್ಪುಗಳ ವಿಷಯ ನಾನು ಎತ್ತಲಿಲ್ಲ.

ಒಂದು ಕಡೆ ಮಾತ್ರ ಮಾಡಲೇಬೇಡಿ. ಗುಡ್ಡ ಕಡಿದು ಮನೆ ಕಟ್ಟಿದವರು ಬರೆಯ ಮೇಲೆ, ತಡೆಗೋಡೆಯ ಹಿಂದೆ ನೀರು ಇಂಗಿಸಬಾರದು. ಅಲ್ಲಿ ನೀರು ಕುಡಿದ ಮಣ್ಣು ಗೋಡೆಯನ್ನೇ ತಳ್ಳಿಕೊಂಡು ಬರುತ್ತದೆ.

ಇನ್ನು ಪಳ್ಳಿಯ ವಿಷಯ. ಹರಿಯುವ ಹೊಳೆಯ ಬದಿಯಲ್ಲಿದ್ದರೂ ವುಳೂಗೆ ನೀರು ಪೋಲು ಮಾಡಬಾರದು ಎಂದು ಮದ್ರಸದಲ್ಲಿ ಕಲಿತವರು ನಾವು. ಅದೇ ಪಳ್ಳಿಯ ಅಂಗಳಕ್ಕೆ ಚಂದಾ ಎತ್ತಿ ಇಂಟರ್‌ಲಾಕ್ ಹಾಸುತ್ತೇವೆ. ಅಷ್ಟು ದೊಡ್ಡ ಟೆರೇಸಿನ ಮಳೆ, ವುಳೂ ಮಾಡಿದ ನೀರು, ಎರಡೂ ಚರಂಡಿಗೆ. ಕಮಿಟಿಯವರು ಒಂದು ಮೂಲೆಯನ್ನಾದರೂ ಮಣ್ಣಾಗಿ ಬಿಟ್ಟರೆ ಯಾರ ನಮಾಝಿಗೆ ತೊಂದರೆ? ಹೀಗೆ ಕೇಳಿದ್ದಕ್ಕೆ ಒಬ್ಬರು, "ಚಪ್ಪಲಿಗೆ ಕೆಸರಾಗುತ್ತದೆ" ಎಂದರು.

ನಮ್ಮ ಕೆಸುವಿನ ಎಲೆ ಪತ್ರೊಡೆಗೆಂದು ಪಕ್ಕದ ಮನೆಯ ಕೊಂಕಣಿ ಬಾಯಿ ಕೇಳಿ ಒಯ್ಯುತ್ತಾರೆ. ಉಮ್ಮನಿಗೆ ಅದೊಂದು ಖುಷಿ. ಬಾಪ ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ತಗ್ಗಿನ ಹತ್ತಿರ ನಿಂತು, ಎಷ್ಟು ತುಂಬಿತು ಎಂದು ನೋಡಿ ಬರುತ್ತಾರೆ. ಈ ಸಲ ಮೇ ತಿಂಗಳಲ್ಲಿ ಊರಿಗೆ ಬರುವಾಗ ಪಿಕ್ಕಾಸು ಜೊತೆಗೇ ತರುತ್ತೇನೆ. ಮಾವನ ಅಂಗಳದಲ್ಲಿ ಜಾಗ ನೋಡಿಟ್ಟಿದ್ದೇನೆ, ಮಾವ ಇನ್ನೂ ಒಪ್ಪಿಲ್ಲ.